ಪ್ರೊಫೆಸರರ ಎದೆಬಡಿತ

ವೈದ್ಯಕೀಯ ಕಾಲೇಜಿನಲ್ಲಿ ನಮಗೆ ಪಾಠ ಮಾಡಿದ ಪ್ರೊಫೆಸರೊಬ್ಬರು ಮಸ್ಕಿ ಊರಿನವರು. ರೋಗಿಯ ಎದೆಗೆ ಸ್ಟೆತಾಸ್ಕೋಪ್ ಇಡುವ ಮೊದಲು ಅದರ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡುತ್ತಿದ್ದರು. ನಾವು ಪುಸ್ತಕ ನೆನೆದು ಉತ್ತರ ಹೇಳಹೊರಟರೆ ತಡೆಯುತ್ತಿದ್ದರು: "ಏನ್ ಕೇಳಿಸ್ತು, ಅಷ್ಟ ಹೇಳ್ರಿ."

ತೊಂಬತ್ತರ ದಶಕದಲ್ಲಿ ನಾನು ಲಿಂಗಸುಗೂರಿನಲ್ಲಿ ದವಾಖಾನೆ ತೆರೆದಿದ್ದೆ. ಒಂದು ಮಧ್ಯಾಹ್ನ, ಊರಿಗೆ ಹೊರಟಿದ್ದ ಅವರನ್ನು ಬಸ್ಸಿನ ಕಂಡಕ್ಟರು ತೋಳು ಹಿಡಿದು ಕರೆತಂದ. ಮುಖ ಬೆವರಿತ್ತು, ಏದುಸಿರು ಬರುತ್ತಿತ್ತು.

"ಬಿಸಲಿಗೆ ಹಿಂಗಾಗೈತಿ. ಒಂದು ಗ್ಲಾಸ್ ಮಜ್ಜಿಗಿ ಕೊಡವ್ವಾ, ಹೋಗ್ತೀನಿ," ಎಂದರು.

ನಾನು ಬಿಡದೆ ಮಲಗಿಸಿ ಎದೆಗೆ ಸ್ಟೆತಾಸ್ಕೋಪ್ ಇಟ್ಟೆ. ಬಡಿತ ಓಡುತ್ತಿತ್ತು, ತಾಳವೇ ಇರಲಿಲ್ಲ. ಗುರುಗಳಿಗೆ ಇದನ್ನು ಹೇಗೆ ಹೇಳುವುದೆಂದು ಯೋಚಿಸುತ್ತ ಮತ್ತೊಮ್ಮೆ ಆಲಿಸಿದೆ. ಅವರು ಕಣ್ಣು ಮುಚ್ಚಿಕೊಂಡೇ, "ಏನ್ ಕೇಳಿಸ್ತು?" ಎಂದರು.

"ತಾಳ ತಪ್ಪೈತ್ರಿ ಸರ್. ನಿಮ್ಮನ್ನ ಇವತ್ತು ಊರಿಗೆ ಬಿಡಾಂಗಿಲ್ಲ."

"ಬಸ್ಸಿನ್ಯಾಗ ನಾನೂ ನಾಡಿ ಹಿಡದು ನೋಡೀನಿ. ಖರೇ ಐತಿ," ಎಂದು ನಕ್ಕರು. "ನೀ ಏನೂ ಇಲ್ಲ ಅಂದಿದ್ರ ಎದ್ದು ಹೋಗೇ ಬಿಡ್ತಿದ್ದೆ."

ಇಸಿಜಿ ತೆಗೆದು ಔಷಧಿ ಶುರು ಮಾಡಿದೆ. ಸಂಜೆಯ ಹೊತ್ತಿಗೆ ಬಡಿತ ಹದಕ್ಕೆ ಬಂತು. ಮರುದಿನ ಹೊರಡುವಾಗ ಆ ಇಸಿಜಿ ಹಾಳೆಯನ್ನು ಕೇಳಿ ಪಡೆದುಕೊಂಡರು.

ಮುಂದೆ ಅದನ್ನೇ ತರಗತಿಯಲ್ಲಿ ತೋರಿಸಿ ಪಾಠ ಮಾಡಿದರಂತೆ. ಇದು ಯಾರದೆಂದು ವಿದ್ಯಾರ್ಥಿಗಳು ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಮಸ್ಕಿ ಕಡೀ ಒಬ್ಬ ಹಟಮಾರಿ ಮುದುಕಂದು. ಪುಣ್ಯಕ್ಕ ಅವಂಗ ಡಾಕ್ಟರು ಛಲೋ ಸಿಕ್ಕಾಳ."