ಗಬ್ಬದ ಸಾಲು

ಹಾಲಿನಮ್ಮನ ಎಡಗೈ ತೋರುಬೆರಳಿಗೆ ಉಗುರಿರಲಿಲ್ಲ. ಹುಲ್ಲು ಕೊಯ್ಯುವಾಗ ಯಾವಾಗಲೋ ಕುಡುಗೋಲಿಗೆ ಸಿಕ್ಕಿ ಹೋಗಿತ್ತಂತೆ. ಆ ಬೋಳು ಬೆರಳಿನಿಂದಲೇ ನೇಪಿಯರ್ ಹುಲ್ಲಿನ ದಂಟು ಒತ್ತಿ ನೋಡುವರು, ಒಂದು ತುಂಡು ಅಗಿದು ಉಗಿಯುವರು, ಆಮೇಲೆ ಅದು ಯಾವ ಹಸುವಿಗೆಂದು ತೀರ್ಮಾನಿಸುವರು. ನವುಲೆಯ ಕೃಷಿ ಕಾಲೇಜಿನಲ್ಲಿ ಎಂಎಸ್ಸಿ ಓದುತ್ತಿದ್ದ ನನಗೆ ಅದನ್ನು ಕಂಡರೆ ನಗು.

ಹೊಸಮನೆ ಬಡಾವಣೆಯ ನನ್ನ ಬಾಡಿಗೆ ಕೋಣೆಗೆ ಹಾಲು ತರುತ್ತಿದ್ದವರು ಅವರೇ. ಅವರ ಮನೆ ಮಾಚೇನಹಳ್ಳಿಯ ಕೈಗಾರಿಕಾ ಶೆಡ್ಡುಗಳ ಹಿಂದೆ. ನಾಲ್ಕು ಹಸು, ಅರ್ಧ ಎಕರೆ ಹುಲ್ಲು. ಮೇವಿನ ಬೆಳೆಗೆ ಗೊಬ್ಬರ ಕೊಡುವುದೇ ನನ್ನ ಪ್ರಬಂಧದ ವಿಷಯ ಎಂದು ಗೊತ್ತಾದಾಗ, ತಮ್ಮ ಹುಲ್ಲಿನಲ್ಲೇ ಪ್ರಯೋಗ ಮಾಡಿಕೊಳ್ಳಲು ಬಿಟ್ಟರು. ಹೋದಾಗಲೆಲ್ಲ ಅಕ್ಕಿರೊಟ್ಟಿ ಎದುರಿಗಿಟ್ಟು, ನಾನು ತಿಂದು ಮುಗಿಸುವವರೆಗೆ ಎದ್ದು ಹೋಗುತ್ತಿರಲಿಲ್ಲ.

ಅವರದು ಒಂದೇ ಷರತ್ತು. ಬೇಲಿ ಪಕ್ಕದ ಏಳೆಂಟು ಸಾಲಿಗೆ ಸರ್ಕಾರಿ ಗೊಬ್ಬರ ಹಾಕುವಂತಿಲ್ಲ. ಚೀಲದಲ್ಲಿ ಬರುವ ಗೊಬ್ಬರಕ್ಕೆಲ್ಲ ಅವರು ಹೇಳುತ್ತಿದ್ದುದು ಹಾಗೆ. ಆ ಸಾಲಿಗೆ ಕೊಟ್ಟಿಗೆ ತೊಳೆದ ನೀರು ಮಾತ್ರ; ಗಬ್ಬದ ಹಸುವಿಗೆ ಕೊನೆಯ ತಿಂಗಳುಗಳಲ್ಲಿ ಆ ಹುಲ್ಲು ಮಾತ್ರ. ಗಬ್ಬದ ಸಾಲು ಎಂದೇ ಅದಕ್ಕೆ ಹೆಸರು. ಯಾಕೆ ಹೀಗೆ ಎಂದು ಕೇಳಿದ್ದೆ.

"ಯಾಕೋ ಗೊತ್ತಿಲ್ಲ ಮಾರಾಯ. ನಮ್ಮತ್ತೆ ಮಾಡ್ತಿದ್ರು. ಇದನ್ನ ತಿಂದ ಹಸು ಬೇಗ ಕಸ ಹಾಕುತ್ತೆ, ಕರು ತಾನೇ ಎದ್ದು ನಿಲ್ಲುತ್ತೆ."

ಕರು ಹಾಕಿದ ಮೇಲೆ ಬೀಳುವ ಮಾಸಿಗೆ ಕಸ ಎನ್ನುತ್ತಾರೆ. ಹುಲ್ಲಿಗೂ ಕಸಕ್ಕೂ ಎಲ್ಲಿಯ ಸಂಬಂಧ ಎಂದು ನಾನು ಗೆಳೆಯರ ಮುಂದೆ ಆಡಿಕೊಂಡೆ. ಆ ಸಾಲಿಗೂ ಗೊಬ್ಬರ ಹಾಕಿ ಎಂದು ಅವರಿಗೆ ಹೇಳುತ್ತಲೇ ಇದ್ದೆ.

ನನ್ನ ಗೈಡ್ ಪ್ರಯೋಗದ ತಾಕು ನೋಡಲು ಬರುವವರಿದ್ದರು. ಕಡುಹಸಿರು ಹುಲ್ಲಿನ ಪಕ್ಕ ಆ ಪೇಲವ ಸಾಲು ನನ್ನ ಮಾನ ಕಳೆಯುತ್ತದೆ ಅನ್ನಿಸಿತು. ಹಾಲಿನಮ್ಮ ಭದ್ರಾವತಿಗೆ ಮದುವೆಗೆ ಹೋಗಿದ್ದ ದಿನ ಅಮೋನಿಯಂ ಸಲ್ಫೇಟ್ ತಂದು ಗಬ್ಬದ ಸಾಲಿಗೂ ಎರಚಿದೆ. ಮುಂದಿನ ಕೊಯ್ಲಿನ ನಂತರ ಮತ್ತೊಮ್ಮೆ. ಹುಲ್ಲು ಆಳುದ್ದ ಎದ್ದಿತು. ಅವರು ಅಗಿದು ನೋಡಿ, ಈ ಸಲ ಯಾಕೋ ಸಪ್ಪೆ ಎಂದರು. ಮಳೆ ಜಾಸ್ತಿಯಾಯಿತಲ್ಲ ಎಂದು ಸುಳ್ಳು ಹೇಳಿದೆ.

ಆ ಹುಲ್ಲು ತಿಂದ ಕೆಂದ ಹಸು ಕರು ಹಾಕಿತು. ಕಸ ಬೀಳಲಿಲ್ಲ. ಕರು ನಿಲ್ಲಲಿಲ್ಲ. ಹಾಲಿನಮ್ಮ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೆರಳು ಚೀಪಿಸಿ ಹಾಲು ಕುಡಿಸಿದರು. ದನದ ಡಾಕ್ಟರು ಮೇವಿನಲ್ಲಿ ಸೆಲೆನಿಯಂ ಎಂಬ ಖನಿಜದ ಕೊರತೆ ಇರಬೇಕೆಂದು ಇಂಜೆಕ್ಷನ್ ಕೊಟ್ಟರು. ನಾಲ್ಕನೆಯ ದಿನ ಕರು ಸತ್ತಿತು.

ಸೆಲೆನಿಯಂ ಎಂಬ ಮಾತು ಕೇಳಿದ್ದೇ ನಾನು ಎರಚಿದ ಗೊಬ್ಬರದಲ್ಲಿದ್ದ ಗಂಧಕ ನೆನಪಾಯಿತು. ಗಂಧಕಕ್ಕೂ ಸೆಲೆನಿಯಂಗೂ ಬೇರಿನೊಳಗೆ ಹೋಗಲು ಒಂದೇ ಬಾಗಿಲು. ಗಂಧಕ ನುಗ್ಗಿದರೆ ಸೆಲೆನಿಯಂ ಹೊರಗುಳಿಯುತ್ತದೆ. ಒಳಗೆ ಹೋದ ಚೂರುಪಾರೂ ಸಾರಜನಕದಿಂದ ಉಬ್ಬಿದ ಹುಲ್ಲಿನಲ್ಲಿ ತೆಳುವಾಗಿ ಹರಡಿಹೋಗುತ್ತದೆ. ಪರೀಕ್ಷೆಗೆ ಇದನ್ನೇ ಓದಿ ಬರೆದಿದ್ದೆ. ಗೊಬ್ಬರ ಎರಚುವ ಮೊದಲು ಆ ಸಾಲಿನಿಂದ ತೆಗೆದಿಟ್ಟ ಒಣಹುಲ್ಲಿನ ಪೊಟ್ಟಣ ನನ್ನ ಬಳಿ ಇತ್ತು. ಅದನ್ನೂ ಹೊಸ ಹುಲ್ಲನ್ನೂ ಪರೀಕ್ಷೆ ಮಾಡಿಸಿದೆ. ಹಳೆಯದರಲ್ಲಿ ಇದ್ದ ಸೆಲೆನಿಯಂ ಹೊಸದರಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಕರು ಸತ್ತದ್ದು ಅದರಿಂದಲೇ ಎಂದು ಆಣೆಯಿಟ್ಟು ಹೇಳಲಾರೆ, ಆದರೆ ನನ್ನ ಮಟ್ಟಿಗೆ ಅನುಮಾನ ಉಳಿದಿರಲಿಲ್ಲ.

ಹೇಳಿಬಿಡೋಣವೆಂದೇ ಮಾಚೇನಹಳ್ಳಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

"ನಿನ್ ಮಾತು ಕೇಳ್ಬೇಕಿತ್ತು ಮಾರಾಯ. ಎಲ್ಲಾದಕ್ಕೂ ಗೊಬ್ಬರ ಹಾಕಿ ಅಂತ ನೀನು ಬಡ್ಕೊಂಡೆ. ನಾನು ಹಳೇ ಹಟ ಮಾಡಿ ಆ ಸಾಲು ಬಿಟ್ಟೆ. ನಾನೇ ಕರು ಕೊಂದೆ."

"ಇರಲಿ ಬಿಡಿ ಅಮ್ಮ" ಎಂದೆ. ಅವರ ತಪ್ಪನ್ನು ಕ್ಷಮಿಸಿದವನ ಹಾಗೆ.

ಮರುವರ್ಷ ಗಬ್ಬದ ಸಾಲು ಇರಲಿಲ್ಲ; ಅದಕ್ಕೂ ಸರ್ಕಾರಿ ಗೊಬ್ಬರ ಹಾಕಿಸಿದ್ದರು. ಪಕ್ಕದ ಮನೆಯವರಿಗೂ ನನ್ನನ್ನು ತೋರಿಸಿ, ಇವನು ಹೇಳಿದ ಹಾಗೆ ಮಾಡಿ ಎನ್ನುತ್ತಿದ್ದರು. ಆ ಎರಡು ಪೊಟ್ಟಣಗಳ ಫಲಿತಾಂಶವೇ ನನ್ನ ಪ್ರಬಂಧದ ಒಳ್ಳೆಯ ಅಧ್ಯಾಯವಾಯಿತು. ಅದರಲ್ಲಿ ಅವರ ಸುದ್ದಿಯೇ ಇಲ್ಲ. ಈಗಲೂ ರೈತರ ಸಭೆಗಳಲ್ಲಿ ಅದನ್ನೇ ಹೇಳಿ ಚಪ್ಪಾಳೆ ತೆಗೆದುಕೊಳ್ಳುತ್ತೇನೆ. ನಾಚಿಕೆ ಮನೆಗೆ ಬಂದ ಮೇಲೆ ಆಗುತ್ತದೆ.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ತಡವಾಗಿ ತಿಳಿದು, ತಿಥಿ ಮುಗಿದ ಮೇಲೆ ಹೋದೆ. ಸೊಸೆ ಕಾಫಿ ಕೊಟ್ಟು, ಅತ್ತೆ ಕೊನೆಯವರೆಗೂ ಆ ಕರುವಿನ ಮಾತು ಬಿಡಲಿಲ್ಲ, ಓದಿದವರ ಮಾತು ಮೀರಿ ಪಾಪ ಕಟ್ಟಿಕೊಂಡೆ ಅನ್ನುತ್ತಿದ್ದರು ಎಂದಳು. ಆಗ ಎಲ್ಲವನ್ನೂ ಹೇಳಿದೆ. ಅವಳು ಖಾಲಿ ಲೋಟ ಎತ್ತಿಕೊಂಡಳು.

"ನನಗೆ ಯಾಕೆ ಹೇಳ್ತೀರಿ ಸಾರ್" ಎಂದಳು. "ಕರು ಸತ್ತ ಮೇಲೆ ಹನ್ನೊಂದು ವರ್ಷ ಅವರು ಇಲ್ಲೇ ಇದ್ರಲ್ಲ."