ಮಾದಯ್ಯ ಕೈಗಿತ್ತ ಹಗ್ಗ

ಮಾದಯ್ಯನ ಜೇನುಬಂಡೆ ನೋಡಲು ನಾನು ಕೊಟ್ಟ ಬೆಲೆ ಒಂದು ಕಂಬಳಿ, ಒಂದು ಮಾತು. ನಿಡಘಟ್ಟದ ರಸ್ತೆಬದಿಯಲ್ಲಿ ಚೀಲ ಹಾಸಿ ವ್ಯಾಪಾರ ಕಲಿತವನು ನಾನು. ಕಂಬಳಿಯನ್ನು ಚೌಕಾಸಿ ಮಾಡಿ ಕೊಂಡೆ. ಮಾತಿಗೆ ಖರ್ಚೇನು ಎಂದು ಕೂಡಲೇ ಕೊಟ್ಟುಬಿಟ್ಟೆ. ಬಂಡೆ ಎಲ್ಲಿದೆ ಎಂದು ಯಾರಿಗೂ ಹೇಳಕೂಡದು, ಅಷ್ಟೇ.

ಮಾದಯ್ಯ ಮಳವಳ್ಳಿ ಕಡೆಯ ಕಾಡಂಚಿನ ಇರುಳಿಗ ಬುಡಕಟ್ಟಿನವನು. ಜನರೆದುರು ನೆಲ ನೋಡಿ ಮಾತಾಡುವವನು, ಬಂಡೆ ಇಳಿಯುವಾಗ ಮಾತ್ರ ಜೇನಿಗೆ ಕೇಳುವಂತೆ ಗಟ್ಟಿಯಾಗಿ ಹಾಡುತ್ತಿದ್ದ. ಆ ಮಾತು ಯಾಕೆ ಬೇಕೆಂದು ಅವನೇ ಹೇಳಿದ:

"ನಮ್ ಮುತ್ತಾತನ ಕಾಲ್ದಲ್ಲಿ ಕಾಡ್ಗೆ ಗಡಿ ಇರ್ನಿಲ್ಲ ಸಾಮಿ. ಮನೆಗೊಂದು ಬಂಡೆ. ಇಳಿಜಾರಲ್ಲಿ ರಾಗಿ ಎರಚೋದು, ನೆಲ ಸೋತ್ರೆ ಅತ್ಲಾಗೋಗೋದು. ಬಿಳಿ ದೊರೆ ಕುದ್ರೆ ಮ್ಯಾಲೆ ಬಂದ. ನೆಂಟ್ರು ಬಂದವ್ರೆ ಅಂತ ಮುತ್ತಾತ ಜೇನು ತಿನ್ಸಿ, ಬಂಡೆ, ಮರ, ನೀರು ಎಲ್ಲಾ ತೋರ್ಸ್ಬುಟ್ಟ. ದೊರೆ ಬರ್ಕೊಂಡ. ಮುಂದಿನ್ ವರ್ಸ ಕಲ್ಲು ನೆಡ್ಸ್ದ. ಕಲ್ಲು ದಾಟಿದ್ದಕ್ಕೆ ಮುತ್ತಾತನ್ನೇ ಕಳ್ಳ ಅಂತ ಕಟ್ಟಾಕ್ದ."

"ಮೊದ್ಲೇ ಒಂದು ಕರಾರು ಮಾಡ್ಕೋಬೇಕಿತ್ತು ಕಣಯ್ಯ" ಎಂದು ಬುದ್ಧಿ ಹೇಳಿದೆ.

"ಜೇನು ತಿಂದೋನ ತಾವ ಎಂತಾ ಕರಾರು?" ಎಂದು ನಕ್ಕ.

ಜೇನಿಗೆ ಇಳಿಯುವವನ ಹಗ್ಗವನ್ನು ಬಂಡೆಯ ಮೇಲೆ ಹಿಡಿಯುವವನು ಅವನ ಹೆಂಡತಿಯ ತಮ್ಮನೇ ಆಗಬೇಕು, ಅದು ಅವರ ಕಟ್ಟಳೆ. ಅಕ್ಕನ ತಾಳಿಗಾಗಿಯಾದರೂ ಅವನು ಕೈಬಿಡುವುದಿಲ್ಲ. ಇಷ್ಟು ಗಟ್ಟಿ ಜಾಮೀನನ್ನು ನಾನು ಯಾವ ವ್ಯವಹಾರದಲ್ಲೂ ಕಂಡಿಲ್ಲ. ನಾನು ಹೋದ ದಿನ ಮಾದಯ್ಯನ ಬಾಮೈದ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಮಾದಯ್ಯ ಹೆಂಡತಿಯ ಕೈಯಿಂದ ನನಗೆ ಸುಟ್ಟ ಗೆಣಸು ಕೊಡಿಸಿ, "ತಮ್ಮ" ಎಂದು ಕರೆಸಿ, ಹಗ್ಗವನ್ನು ನನ್ನ ಕೈಗಿತ್ತ.

"ಏನ್ಲಾ ಬಾಮೈದ, ಕೈ ನಡುಗ್ತದಾ? ನಿಮ್ಮಕ್ಕನ್ ಮೊಕ ನೋಡ್ಕೊಂಡು ಇಡ್ಕಳ್ಲಾ!" ಎಂದು ಕೆಳಗಿನಿಂದ ಕೂಗಿದ. ಹಾಡುತ್ತಾ ಪ್ರತಿ ಜೇನುಹುಟ್ಟಿನಲ್ಲೂ ಅರ್ಧ ಕುಯ್ದು, ಅರ್ಧ ಹುಳುಗಳಿಗೇ ಬಿಟ್ಟು ಮೇಲೆ ಬಂದ.

ಆಮೇಲೊಮ್ಮೆ ಕಾರಿನಲ್ಲಿ ಬಂದವರು ನನ್ನ ಅಂಗಡಿಯಲ್ಲಿ ಮಾದಯ್ಯನಿಂದ ಕೊಂಡಿಟ್ಟಿದ್ದ ಜೇನು ನೆಕ್ಕಿ ನೋಡಿ, ಡ್ರಮ್ಮುಗಟ್ಟಲೆ ಬೇಕು ಎಂದರು. ಜಾಗ ತೋರಿಸಿದರೆ ನನಗೂ ಪಾಲು ಎಂದರು. ತೋರಿಸಿದೆ. ಅವರು ಗ್ಯಾಸಿನ ಬೆಂಕಿ ಹಿಡಿದು ಹುಳುಗಳ ಸಮೇತ ಎಲ್ಲವನ್ನೂ ಸುಟ್ಟು, ಕಿತ್ತುಕೊಂಡು ಹೋದರು. ನನ್ನ ಅಂಗಡಿ ಕಡೆ ಮತ್ತೆ ತಲೆ ಹಾಕಲಿಲ್ಲ.

ಮಾದಯ್ಯ ಬಂದ. ಕಂಬಳಿಯನ್ನು ಮಡಚಿ ಗಲ್ಲಾಪೆಟ್ಟಿಗೆಯ ಮೇಲಿಟ್ಟ.

"ತಗಳಿ ಸಾಮಿ."

ಬಾಮೈದ ಎಂದು ಕರೆದಿದ್ದವನು ಮತ್ತೆ 'ಸಾಮಿ'ಗೆ ಇಳಿದಿದ್ದ. "ನಾನು ಬರೀ ಜಾಗ ಹೇಳ್ದೆ ಮಾದಯ್ಯ. ಸುಟ್ಟೋರು ಅವ್ರು."

"ದೊರೆನೂ ಬರೀ ಬರ್ಕೊಂಡಿದ್ದೇಯ. ಆದ್ರೆ ಅವ್ನು ಹಗ್ಗ ಇಡ್ದಿರ್ನಿಲ್ಲ."

ನೆಲ ನೋಡಿಕೊಂಡೇ ಹೊರಟುಹೋದ. ಮರುವರ್ಷ ನಾನೇ ಹುಡುಕಿಕೊಂಡು ಹೋದೆ. ಗುಡಿಸಲ ಬಾಗಿಲಿಗೆ ಮುಳ್ಳು ಕಟ್ಟಿ, ಬಿಟ್ಟುಹೋಗಿದ್ದರು. ಬಂಡೆಯ ಮೇಲೆ ಜೇನುಹುಟ್ಟುಗಳಿದ್ದ ಕಡೆಯಲ್ಲೆಲ್ಲ ಕರಿ ಮಸಿ ಮಾತ್ರ ಉಳಿದಿತ್ತು.

ಕಾಡಿನವರಿಂದ ಜೇನು ಕೊಳ್ಳುವಾಗ ಬಣ್ಣ ನೋಡಿ, ರುಚಿ ನೋಡಿ, ಬೇಕಾದರೆ ಬೆಲೆಯಲ್ಲೂ ಜಗ್ಗಾಡಿ. ಎಲ್ಲಿಂದ ತಂದೆ ಎಂದು ಮಾತ್ರ ಕೇಳಬೇಡಿ. ಅವರಾಗಿಯೇ ಹೇಳಲು ಬಂದರೂ ಬೇರೆ ಮಾತು ತೆಗೆಯಿರಿ. ನಿಮಗೆ ಗೊತ್ತಿಲ್ಲದ್ದನ್ನು ನೀವು ಮಾರಲಾರಿರಿ.