ಮೇಡಂ ಕಟ್ಟಿದ ವಾಚು

ಮಧುಗಿರಿಯ ನಮ್ಮ ಶಾಲೆಯ ಪಿ.ಟಿ. ಮೇಡಂಗೆ ಹಳೆಯ ಶಿಷ್ಯೆಯೊಬ್ಬಳು ಭಾರಿ ಬೆಲೆಯ ವಾಚು ಕೊಟ್ಟಿದ್ದಳು. ಅಂಥವನ್ನು ಮಾಡಿದ್ದೇ ನೂರಂತೆ. ಹಿಂಬದಿಯಲ್ಲಿ ಅದರ ಸಂಖ್ಯೆ ಕೊರೆದಿತ್ತು. ನೀಲಿ ಡಯಲಿನೊಳಗೆ ಮೂರು ಪುಟ್ಟ ಡಯಲು, ಪಕ್ಕದಲ್ಲಿ ಓಟದ ಸಮಯ ಅಳೆಯುವ ಗುಂಡಿಗಳು. ಮೇಡಂ ಅದನ್ನು ಕಟ್ಟಿಕೊಂಡೇ ಮೈದಾನದ ಧೂಳಿಗಿಳಿಯುತ್ತಿದ್ದರು. ಯಾರು ಸೋತು ಕೂತರೂ "ಇನ್ನೊಂದ್ ಕಿತ ಓಡು ಕಣಮ್ಮ" ಎನ್ನುತ್ತಿದ್ದರು.

ಜಿಲ್ಲಾ ಓಟಕ್ಕೆ ಆಯ್ಕೆ ನಡೆದ ದಿನ "ನನ್ ಕೈಲಾಗಲ್ಲ ಮೇಡಂ" ಎಂದು ನಾನು ಹಿಂದೆ ಸರಿದೆ. ಅವರು ವಾಚು ಬಿಚ್ಚಿ ನನ್ನ ಕೈಗೆ ಕಟ್ಟಿ, "ನೀನೇ ಒತ್ತು, ನೀನೇ ನೋಡ್ಕೊ" ಎಂದರು. ಓಡುವಾಗ ಅದೆಲ್ಲಿ ಬೀಳುವುದೋ ಎಂದು ಇನ್ನೊಂದು ಕೈಯಿಂದ ಹಿಡಿದುಕೊಂಡೆ.

"ಬಿದ್ರೆ ಬೀಳ್ಲಿ, ಬುಡು! ಕೈ ಬೀಸು!" ಎಂದು ಮೇಡಂ ಕೂಗಿದರು.

ಬಿಟ್ಟೆ. ಗೆರೆ ದಾಟಿ, ಗುಂಡಿ ಒತ್ತಿ, ಏದುಸಿರು ಬಿಡುತ್ತ ನಿಂತೆ. ಅವರು ಬಂದು ಮುಳ್ಳು ನೋಡಿದರು. ಜಿಲ್ಲಾ ಓಟದ ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಂಡರು.